ಎರಡನೇ ಬದಿಯ ಮೂರನೇ ಹಾಡು

ಟೇಪ್ ಡೆಕ್ಕು ಕೆಟ್ಟಿತು ಅಂತಲೇ ನಾನು ಮೊದಲು ತಿಳಿದದ್ದು.

ಅದು ೧೯೯೭ರ ಜನವರಿ. ದಾಂಡೇಲಿಯ ಜೆ.ಎನ್. ರಸ್ತೆಯಲ್ಲಿ ನನ್ನ ಸೋದರಮಾವ ಚನಬಸಪ್ಪನ ಕ್ಯಾಸೆಟ್ ಅಂಗಡಿ ಇತ್ತು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಮಾಮಾ ಅಲ್ಲಿ ಕೆಲಸಕ್ಕೆ ಹಾಕಿಕೊಂಡಿದ್ದ. ಜನ ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ತರುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆ. ಹಳಿಯಾಳದ ಕಡೆಯವರಿಗೆ ಮರಾಠಿ ಭಜನೆ, ಜೋಯಿಡಾದವರಿಗೆ ಕೊಂಕಣಿ ಹಾಡು, ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಬರುವ ಹುಡುಗರಿಗೆ ಹೊಸ ಹಿಂದಿ ಸಿನಿಮಾ. ಎರಡು ವರ್ಷ ಇದನ್ನೇ ಮಾಡಿ ಮಾಡಿ ನನ್ನ ಕಿವಿ ಎಷ್ಟು ಪಳಗಿತ್ತೆಂದರೆ, ಟೇಪು ಕೂದಲೆಳೆಯಷ್ಟು ನಿಧಾನವಾಗಿ ಓಡಿದರೂ ಅಡುಗೆಮನೆಯಲ್ಲಿ ಹಾಲು ಹೊತ್ತಿದ ವಾಸನೆ ಬಡಿದ ಹಾಗೆ ತಟ್ಟನೆ ಗೊತ್ತಾಗುತ್ತಿತ್ತು.

ಆ ಹೊತ್ತಿಗೆ ಪೇಪರ್ ಮಿಲ್ಲಿನಲ್ಲಿ ಹೊಸ ಮಶೀನು ಕೂರಿಸುತ್ತಿದ್ದರು. ಅದನ್ನು ಜೋಡಿಸಿಕೊಡಲು ಸ್ವೀಡನ್ ದೇಶದಿಂದ ಒಬ್ಬ ಬಂದಿದ್ದ. ಹೆಸರು ಹೋಕನ್. ಮಿಲ್ಲಿನವರು ಎರಡೇ ದಿನದಲ್ಲಿ ಅವನನ್ನು ಹೋಕಣ್ಣ ಮಾಡಿಬಿಟ್ಟಿದ್ದರು. ಮೂವತ್ತರ ಒಳಗಿನವನು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು ಅಷ್ಟು ಎತ್ತರ. ಒಂದು ಸೋಮವಾರ ಅವನು ನಮ್ಮ ಅಂಗಡಿಗೆ ಬಂದು ಮೇಜಿನ ಮೇಲೆ ಒಂದು ಕ್ಯಾಸೆಟ್ ಇಟ್ಟ. ಒಳಗಿನ ಟೇಪು ಶಾವಿಗೆಯ ಹಾಗೆ ಹೊರಗೆ ಬಂದಿತ್ತು. ಸಣ್ಣ ಪ್ಲೇಯರು ತಿಂದುಬಿಟ್ಟಿತ್ತಂತೆ.

"ಇದನ್ನು ಉಳಿಸಲು ಆಗುತ್ತದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಸಂಜೆ ಬನ್ನಿ" ಎಂದೆ ನಾನು, ನನಗಿದ್ದ ಪಿಯುಸಿ ಇಂಗ್ಲಿಷಿನಲ್ಲಿ.

ಡಬ್ಬಿಯ ಮೇಲಿನ ಚಿತ್ರ ಕತ್ತಲೆಯದು. ಮೇಲುಗಡೆ ಮರದ ಬೇರು ಒಂದಕ್ಕೊಂದು ಹೆಣೆದುಕೊಂಡ ಹಾಗೆ ಏನೋ ಬರೆದಿತ್ತು. ರಸೀದಿಗೆ ಬರೆದುಕೊಳ್ಳಲು ಹೆಸರು ಎಲ್ಲಿದೆ ಎಂದು ಕೇಳಿದೆ. ಹೋಕನ್ ಆ ಬೇರುಗಳ ಮೇಲೆ ಬೆರಳಾಡಿಸಿ, ಇದೇ ಹೆಸರು ಅಂದ. ಬಾಯಿಬಿಟ್ಟು ಹೇಳಿಯೂ ತೋರಿಸಿದ. ನನ್ನ ನಾಲಿಗೆಗೆ ಅದು ಬಗ್ಗಲಿಲ್ಲ. ರಸೀದಿಯಲ್ಲಿ 'ಬೇರಿನ ಕ್ಯಾಸೆಟ್' ಎಂದು ಬರೆದುಕೊಂಡೆ.

ಐದು ಸ್ಕ್ರೂ ಬಿಚ್ಚಿ, ಟೇಪನ್ನು ಬಟ್ಟೆಯಿಂದ ಮೆಲ್ಲಗೆ ನೀವಿ, ತುಂಡಾದಲ್ಲಿ ಅಂಟಿಸಿ, ಪೆನ್ಸಿಲ್ಲಿನಿಂದ ಸುತ್ತಿದೆ. ಸರಿಯಾಯಿತೋ ಇಲ್ಲವೋ ನೋಡೋಣ ಎಂದು ಡೆಕ್ಕಿಗೆ ಹಾಕಿದೆ.

ಘರ್ರ್ ಎಂದು ಶುರುವಾಯಿತು. ಹಾಳಾಗಿದೆ ಅಂದುಕೊಂಡೆ. ನಿಲ್ಲಿಸಿ ಹತ್ತಿಗೆ ಸ್ಪಿರಿಟ್ಟು ಹಚ್ಚಿ ಹೆಡ್ಡು ಒರೆಸಿದೆ. ಮತ್ತೆ ಘರ್ರ್. ರಬ್ಬರಿನ ಗಾಲಿ ತೊಳೆದೆ, ಬೆಲ್ಟು ಬದಲಿಸಿದೆ. ಅದೇ ಘರ್ರ್, ಅದರೊಳಗಿಂದ ಯಾರೋ ಬಾವಿಯ ತಳದಿಂದ ಗುಡುಗಿದ ಹಾಗೆ ದನಿ. ಭಜನೆಯ ಕ್ಯಾಸೆಟ್ ಹಾಕಿ ನೋಡಿದರೆ ತಿಳಿನೀರಿನಂತೆ ಬಂತು. ಅಂದರೆ ಡೆಕ್ಕು ಸರಿಯಿದೆ, ಕೆಟ್ಟಿರುವುದು ಅವನ ಕ್ಯಾಸೆಟ್ಟೇ.

ಸಂಜೆ ಹೋಕನ್ ಬಂದಾಗ ನಾನು ತಲೆ ತಗ್ಗಿಸಿ, "ಟೇಪು ಓಡುತ್ತದೆ. ಆದರೆ ದನಿ ಪೂರ್ತಿ ಹೋಗಿದೆ" ಎಂದೆ.

ಅವನು ಗಾಬರಿಯಿಂದ ಹೆಡ್‌ಫೋನ್ ಕಿವಿಗೆ ಹಾಕಿಕೊಂಡ. ನಾನು ಗುಂಡಿ ಒತ್ತಿದೆ. ಒಂದು ನಿಮಿಷ ಕೇಳಿದ. ಆಮೇಲೆ ಮುಖವೆಲ್ಲ ಅರಳಿತು.

"ಇಲ್ಲ, ಇಲ್ಲ! ಇದು ಹೀಗೇ ಇರಬೇಕು!"

ನಾನು ಅವನ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಅವನು ಸ್ಟೂಲು ಎಳೆದು ಕೂತು ಹೇಳಿದ. ಅವರೂರಿನ ಹುಡುಗರದು ಈ ಹಾಡು, ಅವರ ಮೊಟ್ಟಮೊದಲ ಆಲ್ಬಂ. ಗಿಟಾರಿಗೆ ಕಾಲಿನಿಂದ ಒತ್ತುವ ಒಂದು ಸಣ್ಣ ಪೆಟ್ಟಿಗೆ ಜೋಡಿಸಿದ್ದರು. ಅದಕ್ಕೆ ನಾಲ್ಕು ತಿರುಗುಣಿ. ನಾಲ್ಕನ್ನೂ ಕೊನೆಯವರೆಗೆ ತಿರುಗಿಸಿಬಿಟ್ಟಿದ್ದರು, ಅದಕ್ಕೇ ಈ ಘರ್ಜನೆ.

"ಯಾಕೆ?" ಎಂದೆ.

"ತಿರುಗುತ್ತಿತ್ತಲ್ಲ, ಅದಕ್ಕೆ" ಎಂದು ನಕ್ಕ. "ಆಗ ಹಾಡುವವನಿಗೆ ಹದಿನೇಳು, ಡ್ರಮ್ ಬಾರಿಸುವ ಉಲ್ಫ್‌ಗೆ ಹದಿನೆಂಟು. ನಾನು ನಮ್ಮಪ್ಪನ ಕಾರಿನಲ್ಲಿ ಡ್ರಮ್ ಸಾಗಿಸುತ್ತಿದ್ದೆ. ಒಂದು ನೆಲಮಾಳಿಗೆಯಲ್ಲಿ ಐದೇ ದಿನದಲ್ಲಿ ರೆಕಾರ್ಡ್ ಆಗಿದ್ದು ಇದು. ಇವತ್ತಿಗೂ ಈ ತರಹದ ಸಂಗೀತ ಬಾರಿಸುವವರು ಇದನ್ನು ಹುಡುಕಿಕೊಂಡು ಬರುತ್ತಾರೆ."

ಹದಿನೆಂಟು! ನನಗೆ ಹತ್ತೊಂಬತ್ತು. ನನಗಿಂತ ಸಣ್ಣ ಹುಡುಗರು ನೆಲಮಾಳಿಗೆಯಲ್ಲಿ ಕೂತು ಮಾಡಿದ ಸದ್ದು ನನ್ನ ಡೆಕ್ಕಿನ ಬೆಲ್ಟು ಬದಲಾಯಿಸುವ ಹಾಗೆ ಮಾಡಿತ್ತು. ಒಂದು ಪ್ರತಿ ಮಾಡಿಕೊಳ್ಳಲೇ ಎಂದು ಕೇಳಿದೆ. ಅವನಿಗೆ ನನಗಿಂತ ಹೆಚ್ಚು ಖುಷಿಯಾಯಿತು. "ಭಾನುವಾರದವರೆಗೆ ಇಟ್ಟುಕೋ. ಅವತ್ತು ರಾತ್ರಿ ನಾನು ಗೋವಾದಿಂದ ವಿಮಾನ ಹಿಡಿಯಬೇಕು, ಅಷ್ಟರೊಳಗೆ ಬಂದು ಒಯ್ಯುತ್ತೇನೆ" ಎಂದು ಹೋದ.

ಆ ವಾರ ನಾನು ಹೆಡ್‌ಫೋನ್ ತೆಗೆದದ್ದೇ ಕಡಿಮೆ. ಮಂಗಳವಾರ ಬರೀ ತಲೆನೋವು ಬಂತು. ಬುಧವಾರ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಗಿಟಾರು ಇರುವುದು ಗೊತ್ತಾಯಿತು. ಎರಡೂ ಒಂದನ್ನೇ ಬಾರಿಸುತ್ತಿದ್ದರೂ ಕೂದಲಷ್ಟು ಹಿಂದೆ ಮುಂದೆ, ಅದರಿಂದಲೇ ಆ ದಪ್ಪ. ಗುರುವಾರ, ಆ ಗದ್ದಲದ ತಳದಲ್ಲಿ ಒಂದು ರಾಗ ಹರಿಯುವುದು ಕೇಳಿಸಿತು, ಬಹಳ ದುಃಖದ ರಾಗ. ಹಾಡುವವನು ಕಿರುಚುತ್ತಿರಲಿಲ್ಲ. ಕಾಲೇಜಿನವರು ಮುಂಡಗೋಡದ ಮಠಕ್ಕೆ ಕರೆದೊಯ್ದಾಗ ಲಾಮಾಗಳು ಹೊಟ್ಟೆಯ ಆಳದಿಂದ ಮಂತ್ರ ಹೇಳುವುದನ್ನು ಕೇಳಿ ನನ್ನ ಎದೆಯ ಎಲುಬು ನಡುಗಿತ್ತು. ಇವನ ದನಿಯೂ ಅಲ್ಲಿಂದಲೇ ಬರುತ್ತಿತ್ತು. ಮತ್ತೆ ಆ ವೇಗ! ನಾಲ್ಕೂ ಜನ ಬೆನ್ನಿಗೆ ಬೆಂಕಿ ಬಿದ್ದವರಂತೆ ಓಡುತ್ತಿರುವಾಗ ಒಮ್ಮೆಲೇ ಎಲ್ಲ ನಿಧಾನವಾಗುತ್ತಿತ್ತು. ಕಟ್ಟಿಗೆ ಹೇರಿದ ಲಾರಿ ಗಣೇಶಗುಡಿಯ ಏರನ್ನು ಫಸ್ಟ್ ಗೇರಿನಲ್ಲಿ ಹತ್ತುತ್ತದಲ್ಲ, ಹಾಗೆ. ಆ ಜಾಗ ಬಂದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕಣ್ಣು ಮುಚ್ಚುತ್ತಿದ್ದೆ.

ಶನಿವಾರ ತಡೆಯಲಾರದೆ ಸ್ಪೀಕರಿಗೆ ಹಾಕಿದೆ. ಮಾಮಾ ಒಳಗಿನಿಂದ ಓಡಿ ಬಂದ.

"ಯಾರಿಗರ ಉಸಿರು ಕಟ್ಟೇತೇನ?"

"ಹಾಡು ಮಾಮಾ. ಕೇಳರಿ ಒಂದೀಟು, ತಳದಾಗ ರಾಗ ಐತಿ."

"ರಾಗ!" ಮಾಮಾ ಕೈ ಮುಗಿದ. "ನಮ್ಮವ್ವಾ ರೂಪಾಲಿ, ಇದನ್ನ ಹೊರಗಿನ ಸ್ಪೀಕರಿಗೆ ಹಾಕಬ್ಯಾಡ. ಗಿರಾಕಿ ಹೊಳಿ ದಾಟಿ ಓಡಿ ಹೋಗ್ತಾರ."

ಭಾನುವಾರ ಮಾಮಾ ಖಾಲಿ ಕ್ಯಾಸೆಟ್ ತರಲು ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದ. ಮಧ್ಯಾಹ್ನ ಎರಡೂವರೆಗೆ ಅಪ್ಪ ಫಸ್ಟ್ ಶಿಫ್ಟ್ ಮುಗಿಸಿ, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ ಹಿಡಿದು ಅಂಗಡಿಗೆ ಬಂದ.

ಅಪ್ಪನ ಹೆಸರು ಶಂಕ್ರಪ್ಪ. ಬೈಲಹೊಂಗಲದ ಕಡೆಯಿಂದ ಮಿಲ್ಲಿಗೆಂದು ಬಂದವನು. ಇಪ್ಪತ್ತೆರಡು ವರ್ಷದಿಂದ ಚಿಪ್ಪರಿನ ಮೇಲೆ ಕೆಲಸ. ಬಿದಿರು, ಕಟ್ಟಿಗೆಗಳನ್ನು ಚೂರು ಚೂರು ಮಾಡುವ ಮಶೀನು ಅದು. ಅದರ ಬದಿಯಲ್ಲಿ ನಿಂತರೆ ಮನುಷ್ಯ ಕೂಗಿದ್ದು ಮನುಷ್ಯನಿಗೆ ಕೇಳುವುದಿಲ್ಲ. ಅಪ್ಪನ ಕಿವಿ ವರ್ಷದಿಂದ ವರ್ಷಕ್ಕೆ ಹೋಗುತ್ತ ಬಂದಿತ್ತು. ಮೊದಲು ಊರಿನ ಭಜನೆ ಮೇಳದಲ್ಲಿ ತಾಳ ಹಿಡಿಯುತ್ತಿದ್ದ ಮನುಷ್ಯ, ನಾನು ಅಂಗಡಿ ಸೇರಿದ ಹೊಸದರಲ್ಲಿ ಬಂದು ಇದನ್ನ ಹಾಕು, ಅದನ್ನ ಹಾಕು ಎನ್ನುತ್ತಿದ್ದ. ಆಮೇಲೆ ಬರುವುದು ಬಿಟ್ಟ. "ಈಗಿನ ಹಾಡಿನ್ಯಾಗ ಏನೂ ಇಲ್ಲ" ಎನ್ನುತ್ತಿದ್ದ. ಹಳೆಯ ಹಾಡು ಹಾಕಿದರೂ ಅದನ್ನೇ ಹೇಳಿದಾಗ ನನಗೂ ಅವ್ವನಿಗೂ ಸಂಗತಿ ತಿಳಿಯಿತು. ಕೊಳಲು, ಹೆಣ್ಣುದನಿ, ತಾಳದ ಕಿಣಿಕಿಣಿ, ಯಾವುದೂ ಅವನ ತನಕ ಮುಟ್ಟುತ್ತಿರಲಿಲ್ಲ.

ಅವನು ಬುತ್ತಿ ಇಟ್ಟು ಹೊರಟ. ಯಾಕೋ ನಾನು ಅವನ ತೋಳು ಹಿಡಿದು ದೊಡ್ಡ ಸ್ಪೀಕರ್ ಡಬ್ಬಿಯ ಪಕ್ಕ ಕೂರಿಸಿದೆ. ಬೇರಿನ ಕ್ಯಾಸೆಟ್ ಹಾಕಿ ದನಿ ಏರಿಸಿದೆ.

ಅಪ್ಪ ಬೆಚ್ಚಿದ. ಡಬ್ಬಿಯ ಕಡೆ ತಿರುಗಿದ. ಮೆಲ್ಲಗೆ ಅಂಗೈಯನ್ನು ಅದರ ಮರಕ್ಕೆ ಒತ್ತಿದ.

"ಏನಿದು?"

"ಹಾಡು, ಅಪ್ಪಾ!" ಕೂಗಿದೆ.

"ಇದು ಚಿಪ್ಪರ್!"

"ಗಿಟಾರು ಅದು!"

"ಅಲ್ಲ ಬಿಡು. ಗಟ್ಟಿ ಕಟ್ಟಿಗಿ ಹಾಕಿದಾಗ ಚಿಪ್ಪರ್ ಹಿಂಗ ಅಂತೈತಿ. ಇನ್ನೂ ಗಟ್ಟಿ ಮಾಡು."

"ಇನ್ನೂ?"

"ಮಾಡ ಅಂದೆ."

ಮಾಡಿದೆ. ಕಪಾಟಿನ ಗಾಜು ನಡುಗತೊಡಗಿತು. ಅಪ್ಪನ ಬೆರಳುಗಳು ಡಬ್ಬಿಯ ಮೇಲೆ ತಾಳ ಹಿಡಿದವು, ಆಮೇಲೆ ಹಿಮ್ಮಡಿ, ಆಮೇಲೆ ಕತ್ತು. ವೇಗ ತಟ್ಟನೆ ಇಳಿದು ಲಾರಿ ಏರು ಹತ್ತುವ ಆ ಜಾಗ ಬಂತು. ಯಾರೂ ಹೇಳದೆ ಅವನೂ ಕಣ್ಣು ಮುಚ್ಚಿದ.

"ಕೇಳಸಾಕತ್ತೈತಿ ನನಗ" ಎಂದ.

ಮೆಲ್ಲಗೆ ಅಂದಿದ್ದ. ತುಟಿ ನೋಡಿ ತಿಳಿದುಕೊಂಡೆ. ಕಿವಿ ಹೋದಾಗಿನಿಂದ ಅಪ್ಪ ಮೆಲ್ಲಗೆ ಮಾತಾಡಿದ್ದೇ ಇಲ್ಲ, ಮನೆಯಲ್ಲಿ ಉಪ್ಪು ಕೇಳಿದರೂ ಓಣಿಗೆ ಕೇಳುತ್ತಿತ್ತು. ನನಗೆ ಅಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಕ್ಯಾಸೆಟ್ ತಿರುಗಿಸಿ ಎರಡನೇ ಬದಿ ಹಾಕಿದೆ.

ಆ ಬದಿಯ ಮೂರನೇ ಹಾಡಿನ ನಡುವೆ ಅಪ್ಪ ಬೆರಳೆತ್ತಿದ. "ಇಲ್ಲಿ! ಹಿಂದ ತಿರುಗಿಸು."

ತಿರುಗಿಸಿದೆ. ಮತ್ತೆ ಅದೇ ಜಾಗದಲ್ಲಿ ಬೆರಳೆತ್ತಿದ. ಮೂರು ಸಲ ಹಾಗಾಯಿತು.

"ಬಾರಸಾಂವ ತಪ್ಯಾನ" ಎಂದ. "ದಪ್ಪ ಪೆಟ್ಟು ಒಂದು ಹಿಂದ ಬಿತ್ತು. ಉಳಿದವ್ರು ಅರ್ಧ ಉಸಿರು ನಿಂತ್ರು ನೋಡು. ಅಂವ ಹಿಡಕೊಂಡ. ಮತ್ತ ಎಲ್ಲಾರೂ ಕೂಡಿ ಹೊಂಟ್ರು."

ಇಪ್ಪತ್ತು ಸಲ ಕೇಳಿದ್ದ ನನಗೆ ಅದು ಗೊತ್ತಾಗಿರಲಿಲ್ಲ. ಡಬ್ಬಿಗೆ ಕೈ ಇಟ್ಟು ಇನ್ನೊಮ್ಮೆ ಹಾಕಿದೆ. ಹೌದು! ಅಂಗೈಗೆ ತಾಗಿತು, ನಡೆಯುವಾಗ ಮೆಟ್ಟಿಲು ತಪ್ಪಿದ ಹಾಗೆ ಒಂದು ಕ್ಷಣ, ಮರುಕ್ಷಣ ನೆಲ.

ತಲೆ ಎತ್ತಿದರೆ ಬಾಗಿಲಲ್ಲಿ ಹೋಕನ್ ನಿಂತಿದ್ದ. ಕ್ಯಾಸೆಟ್ ಒಯ್ಯಲು ಬಂದಿದ್ದ. ಹೊರಗೆ ಮಿಲ್ಲಿನ ಜೀಪು ನಿಂತಿತ್ತು.

"ಅವರು ಏನು ಹೇಳಿದರು?" ಎಂದು ಕೇಳಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಮತ್ತೊಮ್ಮೆ ಹೇಳಿಸಿಕೊಂಡ. ಆಮೇಲೆ ಬಗ್ಗಿ ಒಳಗೆ ಬಂದು ಅಪ್ಪನ ಎದುರು ನೆಲದ ಮೇಲೇ ಕೂತುಬಿಟ್ಟ.

"ಅದು ಐದನೇ ದಿನ" ಎಂದ. "ಆ ಹಾಡನ್ನು ಒಂದೇ ಸಲ ಬಾರಿಸಲು ಸಮಯವಿತ್ತು. ಮುಂದಿನ ಬ್ಯಾಂಡಿನವರು ಬಾಗಿಲು ಬಡಿಯುತ್ತಿದ್ದರು. ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮಿನಲ್ಲಿ ಉಲ್ಫ್ ತಪ್ಪಿದ. ಕಾರಿನಲ್ಲಿ ಮನೆಗೆ ಹೋಗುವಾಗ ಅತ್ತ. ಏಳು ವರ್ಷವಾಯಿತು, ಯಾರೂ ಅದನ್ನು ಗುರುತಿಸಿಲ್ಲ. ಆದರೂ ಈ ಹಾಡು ಎಲ್ಲಿ ಬಂದರೂ ಅವನು ಎದ್ದು ಹೋಗುತ್ತಾನೆ. ಬ್ಯಾಂಡನ್ನೂ ಬಿಟ್ಟ. ಈಗ ಟಪಾಲು ಗಾಡಿ ಓಡಿಸುತ್ತಾನೆ."

ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು ನಾನು ಎಲ್ಲ ಹೇಳಿದೆ. ಅಪ್ಪನಿಗೆ ಸಿಟ್ಟೇ ಬಂತು.

"ಎದ್ದು ಯಾಕ ಹೋಗ್ತಾನಂತ? ತಪ್ಪೋದು ಎಲ್ಲಾರೂ ತಪ್ಪತಾರ. ಹಿಡಕೊಂಡದ್ದು ಕೇಳಿಲ್ಲೇನ ಅಂವಾ? ಅಂಥಾ ವೇಗದಾಗ ಹಿಡಕೊಳ್ಳೋದು ಹುಡುಗಾಟ್ಕಿ ಅಲ್ಲ. ಹೇಳು ಅಂವಗ."

ನಾನು ಹೇಳಿ ಮುಗಿಸುವಷ್ಟರಲ್ಲಿ ಹೋಕನ್ ಎದ್ದು ನಿಂತಿದ್ದ. ತಲೆ ಚಾವಣಿಯ ಬಲ್ಬಿಗೆ ಬಡಿಯಿತು, ಅವನಿಗೆ ಅದರ ಪರಿವೆಯೇ ಇಲ್ಲ. "ಫೋನ್! ಇಲ್ಲಿ ಫೋನ್ ಎಲ್ಲಿದೆ?"

ಪಕ್ಕದಲ್ಲೇ ನೀಲಕ್ಕನ ಎಸ್‌ಟಿಡಿ ಬೂತು. ಮೂವರೂ ಅಲ್ಲಿಗೆ ನುಗ್ಗಿದೆವು. ಗಾಜಿನ ಗೂಡಿನಲ್ಲಿ ಹೋಕನ್ ಒಬ್ಬನೇ ಹಿಡಿಸುವುದು ಕಷ್ಟ, ಅಪ್ಪನೂ ನಾನೂ ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲಿ ನಿಂತೆವು. ಮೊದಲ ಸಲ ಹತ್ತಲಿಲ್ಲ. ಎರಡನೇ ಸಲ ಹತ್ತಿ ಕಡಿದುಹೋಯಿತು. ಮೂರನೇ ಸಲ ಹೋಕನ್ ಒಮ್ಮೆಲೇ ಅವನ ಭಾಷೆಯಲ್ಲಿ ಮಾತು ಶುರುಮಾಡಿದ. ದಾಂಡೇಲಿ, ದಾಂಡೇಲಿ ಎಂದು ಎರಡು ಸಲ ಅಂದದ್ದಷ್ಟೇ ನನಗೆ ತಿಳಿಯಿತು. ಆಮೇಲೆ ರಿಸೀವರು ನನ್ನ ಕೈಗೆ ಬಂತು.

"ಹಲೋ" ಎಂದಿತು ನಿದ್ದೆಗಣ್ಣಿನ ಗಂಡಸು ದನಿ. ಅಲ್ಲಿ ಇನ್ನೂ ಬೆಳಗು. ಅವನ ಇಂಗ್ಲಿಷು ನನ್ನದಕ್ಕಿಂತ ಹರಕು, ನನಗೆ ಧೈರ್ಯ ಬಂತು. "ನಿಮ್ಮ ತಂದೆಯವರು ಡ್ರಮ್ಮರಾ?"

"ಅಲ್ಲ. ಪೇಪರ್ ಮಿಲ್ಲಿನಲ್ಲಿ ಕಟ್ಟಿಗೆ ಕತ್ತರಿಸುವ ಮಶೀನು ನಡೆಸುತ್ತಾರೆ. ನೀವು ತಪ್ಪಿದ್ದಕ್ಕಿಂತ ಹಿಡಿದುಕೊಂಡದ್ದು ದೊಡ್ಡದು ಎನ್ನುತ್ತಿದ್ದಾರೆ."

ಅಷ್ಟರಲ್ಲಿ ಅಪ್ಪ ರಿಸೀವರು ಕಸಿದುಕೊಂಡ.

"ಏ ತಮ್ಮಾ!" ಬೂತಿನ ಗಾಜು ಅದುರಿತು. "ಛಲೋ ಬಾರಿಸೀಪಾ! ಭಾಳ ಛಲೋ ಹಿಡಕೊಂಡಿ! ಎದ್ದು ಹೋಗಬ್ಯಾಡ, ಕುಂತು ಕೇಳು!" ನನ್ನ ಕಡೆ ತಿರುಗಿ, "ಹಾಕು ಹೋಗು ಹಾಡು. ಅಂವಗ ಕೇಳಸೋಣು."

ನಾನೂ ಜೀಪಿನ ಡ್ರೈವರನೂ ದೊಡ್ಡ ಸ್ಪೀಕರ್ ಡಬ್ಬಿಯನ್ನು ಎತ್ತಿ ಹೊರಗೆ ತಂದು ಬೂತಿನ ಮುಂದೆ, ರಸ್ತೆಯ ಅಂಚಿಗೆ ಇಟ್ಟೆವು. ವೈರು ಅಷ್ಟಕ್ಕೇ ಮುಟ್ಟಿತು. ಹೋಕನ್ ರಿಸೀವರನ್ನು ತಂತಿ ಇದ್ದಷ್ಟೂ ಹೊರಗೆಳೆದು ಹಿಡಿದ. ನಾನು ಓಡಿಹೋಗಿ ಗುಂಡಿ ಒತ್ತಿದೆ.

ಎರಡನೇ ಬದಿಯ ಮೂರನೇ ಹಾಡು ಜೆ.ಎನ್. ರಸ್ತೆಯ ಮೇಲೆ ಬಿತ್ತು. ಸೈಕಲ್ಲಿನವರು ಇಳಿದು ನಿಂತರು. ಎದುರಿನ ಚಹಾದಂಗಡಿಯವರೆಲ್ಲ ಬಸಿ ಕಪ್ಪು ಹಿಡಿದೇ ಹೊರಬಂದರು. ಮುಂಡಗೋಡದ ಬಸ್ಸು ಕಾಯುತ್ತಿದ್ದ ಮೂವರು ಟಿಬೆಟನ್ ಹುಡುಗರು ಓಡಿ ಬಂದು ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಅಪ್ಪ ನಡುವೆ ನಿಂತು ಎರಡೂ ಕೈಯಿಂದ ಗಾಳಿಯಲ್ಲಿ ತಾಳ ಹಾಕುತ್ತಿದ್ದ, ಭಜನೆ ಮೇಳದಲ್ಲಿ ಹಾಕುತ್ತಿದ್ದಂತೆಯೇ, ನಾಲ್ಕು ಪಟ್ಟು ವೇಗದಲ್ಲಿ.

ಆಗಲೇ ಹುಬ್ಬಳ್ಳಿಯ ಬಸ್ಸಿನಿಂದ ಇಳಿದ ಮಾಮಾ, ತಲೆಯ ಮೇಲೆ ಕ್ಯಾಸೆಟ್ಟಿನ ಪೆಟ್ಟಿಗೆ ಹೊತ್ತು ಓಡುತ್ತ ಬಂದ.

"ರೂಪಾಲಿ! ಏನಾತು? ಯಾರಿಗೇನಾತು?"

"ಸುಮ್ನಿರ್ರಿ ಚನಬಸಪ್ಪಣ್ಣಾ" ಎಂದು ನೀಲಕ್ಕ ಬೂತಿನೊಳಗಿಂದ ಗದರಿದಳು. "ಅಲ್ಲಿ ಸ್ವೀಡನ್ನಿನ್ಯಾಗ ಕೇಳಾಕತ್ತಾರ."

ಮಾಮಾ ಪೆಟ್ಟಿಗೆ ಹೊತ್ತುಕೊಂಡೇ ನಿಂತ. ಅಪ್ಪನ ಕೈ ನೋಡಿದ, ಅಪ್ಪನ ಮುಖ ನೋಡಿದ.

ಹಾಡು ಮುಗಿದ ಮೇಲೆ ಹೋಕನ್ ರಿಸೀವರು ಕಿವಿಗಿಟ್ಟುಕೊಂಡ, ಗಟ್ಟಿಯಾಗಿ ನಕ್ಕ, ನನಗೆ ಕೊಟ್ಟ.

"ಪೂರ್ತಿ ಕೇಳಿದೆ" ಎಂದ ಉಲ್ಫ್. ದನಿ ಒದ್ದೆಯಾಗಿತ್ತು. "ಸರಿಯಾಗಿ ನಾನು ತಪ್ಪಿದ ಜಾಗಕ್ಕೇ ನಿಮ್ಮ ಯಾವುದೋ ಬಸ್ಸು ಹಾರ್ನ್ ಹೊಡೆಯಿತು. ಅದು ಲೆಕ್ಕಕ್ಕಿಲ್ಲ. ಇನ್ನೊಮ್ಮೆ ಹಾಕುತ್ತೀರಾ?"

ಇನ್ನೊಮ್ಮೆ ಹಾಕಿದೆವು. ಈ ಸಲ ಬಸ್ಸು ಬರಲಿಲ್ಲ. ಅಪ್ಪ ಅದೇ ಜಾಗದಲ್ಲಿ ಬೆರಳೆತ್ತಿದಾಗ, ಏನೂ ಗೊತ್ತಿಲ್ಲದಿದ್ದರೂ ರಸ್ತೆಯಲ್ಲಿದ್ದವರೆಲ್ಲ ಹೋ ಎಂದು ಕೂಗಿದರು.

ಹೋಕನ್ ಅಂದೇ ಸಂಜೆ ತನ್ನ ಕ್ಯಾಸೆಟ್ ತೆಗೆದುಕೊಂಡು ಜೀಪು ಹತ್ತಿದ. ಅಪ್ಪನ ಎರಡೂ ಕೈ ಹಿಡಿದು ತನ್ನ ಭಾಷೆಯಲ್ಲಿ ಏನೋ ಹೇಳಿದ, ಅಪ್ಪ ತನ್ನ ಭಾಷೆಯಲ್ಲಿ ಹೋಗಿ ಬಾರಪಾ ಅಂದ. ನಾನು ಮಾಡಿಕೊಂಡ ಪ್ರತಿ ನಮ್ಮಲ್ಲಿ ಉಳಿಯಿತು. ಆ ತಿಂಗಳೇ ಟಿಬೆಟನ್ ಕಾಲೊನಿಯಿಂದ ಹನ್ನೊಂದು ಜನ ಬಂದು ಅದನ್ನು ತುಂಬಿಸಿಕೊಂಡು ಹೋದರು. ಮಾಮಾ ಭಜನೆಗೂ ಸಿನಿಮಾಕ್ಕೂ ನಡುವೆ ಕಪಾಟಿನ ಒಂದು ಅರೆಯನ್ನು ಖಾಲಿ ಮಾಡಿ, ತನ್ನ ಕೈಯಿಂದಲೇ 'ಸ್ವೀಡನ್' ಎಂದು ಬರೆದು ಚೀಟಿ ಅಂಟಿಸಿದ.

ಮಳೆಗಾಲ ಶುರುವಾಗುವ ಮೊದಲು ಆ ಅರೆಗೆ ಇನ್ನೂ ಮೂರು ಬಂದವು. ಹೋಕನ್ ಪಾರ್ಸೆಲ್ ಕಳಿಸಿದ್ದ, ಅದೇ ಬ್ಯಾಂಡಿನ ಮುಂದಿನ ಆಲ್ಬಂಗಳು. ಉಲ್ಫ್ ಈಗ ಶನಿವಾರ ಶನಿವಾರ ಮತ್ತೆ ಡ್ರಮ್ಮಿನ ಮುಂದೆ ಕೂರುತ್ತಿದ್ದಾನೆ ಎಂದು ಚೀಟಿಯಲ್ಲಿ ಬರೆದಿದ್ದ. ನಾನು ಅಪ್ಪನನ್ನು ಕೂರಿಸಿ ಮೂರನ್ನೂ ಒಂದಾದ ಮೇಲೊಂದು ಹಾಕಿದೆ. ದನಿ ಸ್ವಚ್ಛವಾಗಿತ್ತು, ಒಂದು ಪೆಟ್ಟೂ ಅತ್ತಿತ್ತ ಇರಲಿಲ್ಲ. ಅಪ್ಪ ಡಬ್ಬಿಯ ಮೇಲೆ ಕೈಯಿಟ್ಟು ಕೊನೆಯವರೆಗೆ ಕೇಳಿದ.

"ಹೆಂಗ ಅದಾವ?" ಎಂದೆ.

"ಛಲೋ ಅದಾವ. ಖರೆ ಇವ್ರು ಕಲ್ತುಬಿಟ್ಟಾರ" ಎಂದ. "ಆ ಹುಡುಗೂರು ಇನ್ನೂ ಕಲಿಯಾಕತ್ತಿದ್ರು."

"ಕಲ್ತರ ಛಲೋ ಅಲ್ಲೇನಪ್ಪಾ?"

ಅಪ್ಪ ಸ್ಪೀಕರ್ ಡಬ್ಬಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಛಲೋನ" ಎಂದ. "ಈಗ ಮೊದಲಿಂದು ಹಾಕು. ಗಟ್ಟಿ ಮಾಡು."